ಧನುರ್ಮಾಸದ ಬೆಳಗು, ಬಾಗಿಲ ಮುಂದಿನ ಚುಕ್ಕಿ

ಡಿಸೆಂಬರ್ 16ರ ಹೊತ್ತಿಗೆ ಸೂರ್ಯ ಧನು ರಾಶಿಗೆ ಬರುತ್ತಾನೆ. ಅಲ್ಲಿಂದ ಮಕರ ಸಂಕ್ರಾಂತಿಯವರೆಗೆ ಧನುರ್ಮಾಸ. ಈ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಷ್ಟರಮಟ್ಟಿಗೆ ಓಡಾಟವೂ ಕಡಿಮೆ. ಹಿರಿಯರು ಈ ತಿಂಗಳನ್ನು ದೇವರಿಗೆ ಅಂತಲೇ ಮೀಸಲಿಟ್ಟರು ಅನಿಸುತ್ತದೆ.

ಇದಕ್ಕೊಂದು ಚೆಂದದ ಲೆಕ್ಕ ಇದೆ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ. ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ. ಹಾಗೆ ನೋಡಿದರೆ ನಮ್ಮ ಒಂದು ತಿಂಗಳು ಅವರಿಗೆ ಬರೀ 2 ಗಂಟೆ. ಉತ್ತರಾಯಣಕ್ಕೆ ಮುಂಚೆ ಬರುವ ಧನುರ್ಮಾಸ ಅವರ ಬೆಳಗಿನ ಜಾವ. ದೇವರು ಏಳುವ ಹೊತ್ತಿಗೆ ನಾವೂ ಎದ್ದಿರಬೇಕು. ಅದಕ್ಕೇ ಸೂರ್ಯ ಹುಟ್ಟುವ ಮುಂಚೆ ಪೂಜೆ, ಹೆಸರುಬೇಳೆ ಹುಗ್ಗಿಯ ನೈವೇದ್ಯ, ಚಳಿಯಲ್ಲಿ ದೇವಸ್ಥಾನದ ದಾರಿ.

ಇವೆಲ್ಲದರ ಮುಂಚೆ ಬಾಗಿಲ ಕೆಲಸ. ಕಸ ಗುಡಿಸಿ, ನೀರು ಹಾಕಿ, ರಂಗೋಲಿ ಇಡುವುದು. ನನ್ನ ಮಟ್ಟಿಗೆ ಧನುರ್ಮಾಸದ ಪೂಜೆ ಅಲ್ಲೇ ಶುರು.

ಅದರಲ್ಲೂ ಚುಕ್ಕಿ ಇಡುವ ಹೊತ್ತು ನನಗೆ ತುಂಬಾ ಇಷ್ಟ. 7ರಿಂದ 4ರವರೆಗಿನ ಸಂದು ಚುಕ್ಕಿ ತೆಗೆದುಕೊಳ್ಳಿ. ನಡುವಿನ ಸಾಲಿಗೆ 7. ಮೇಲೆ 6, 5, 4. ಕೆಳಗೂ ಹಾಗೇ. ಪ್ರತಿ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೂರಬೇಕು. ಒಟ್ಟು 37 ಚುಕ್ಕಿ. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು, ಬಗ್ಗಿ, ಒಂದೊಂದಾಗಿ ಬಿಡುತ್ತಾ ಹೋಗಬೇಕು. ಮನಸ್ಸು ಆಫೀಸಿಗೋ ಮಕ್ಕಳ ಪರೀಕ್ಷೆಗೋ ಓಡಿತು ಅಂದರೆ ಸಾಲು ಸೊಟ್ಟಗಾಗುತ್ತದೆ. ಯಾರೂ ಹೇಳಬೇಕಾಗಿಲ್ಲ, ನೆಲವೇ ತೋರಿಸುತ್ತದೆ. ನಾನು ಒಂದೊಂದು ಚುಕ್ಕಿಗೂ ಒಂದೊಂದು ಸಲ 'ನಾರಾಯಣ' ಅನ್ನುತ್ತೇನೆ. ಆಗ ಎಣಿಕೆಯೂ ತಪ್ಪುವುದಿಲ್ಲ, ಜಪವೂ ಆಗುತ್ತದೆ.

ಚುಕ್ಕಿಗೆ ಕಟ್ಟುನಿಟ್ಟಿನ ಲೆಕ್ಕ ಇದೆ. ಆದರೆ ಸೇರಿಸುವುದು ನಮ್ಮ ಇಷ್ಟ. ಅದೇ 37 ಚುಕ್ಕಿಯಲ್ಲಿ ಒಂದು ದಿನ ಕಮಲ ಅರಳುತ್ತದೆ, ಇನ್ನೊಂದು ದಿನ ನಕ್ಷತ್ರ. ಕೆಲವು ಸಲ ಗೆರೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ. ಸುತ್ತಿ ಬಳಸಿ ಶುರುವಾದ ಜಾಗಕ್ಕೇ ಬಂದು ಸೇರುತ್ತದೆ. ಹೊಸದೊಂದು ಎಳೆ ತಾನಾಗಿ ಹೊಳೆದಾಗ ಆಗುವ ಖುಷಿ ಇದೆಯಲ್ಲ, ಅದು ಪ್ರಸಾದ ಅಂತಲೇ ನನ್ನ ನಂಬಿಕೆ. ಯೋಚಿಸಿ ತಂದುಕೊಳ್ಳಲು ಆಗುವುದಿಲ್ಲ. ಕೈ ನಡೆಯುತ್ತಿರಬೇಕು, ಮನಸ್ಸು ಸುಮ್ಮನಿರಬೇಕು.

ಅಂಟಿಸುವ ರಂಗೋಲಿ ಈಗ ಎಲ್ಲ ಕಡೆ ಸಿಗುತ್ತದೆ. ಮಂಡಿನೋವಿದ್ದವರಿಗೆ ಅನುಕೂಲವೇ. ಆದರೆ ಕೈಲಾಗುವವರು ದಯವಿಟ್ಟು ಪುಡಿ ಹಿಡಿಯಿರಿ. ಹೆಂಗಸರು ಮಾತ್ರ ಅಂತೇನಿಲ್ಲ, ಗಂಡಸರೂ ಹಿಡಿಯಬಹುದು. ಬಾಗಿಲು ಎಲ್ಲರದೂ ಅಲ್ವಾ?

ಈ ತಿಂಗಳಲ್ಲಿ ಆಂಡಾಳ್ ನೆನಪಾಗದೆ ಇರುವುದಿಲ್ಲ. ತಮಿಳುನಾಡಿನ ಶ್ರೀವಿಲ್ಲಿಪುತ್ತೂರಿನ ವಿಷ್ಣುಭಕ್ತ ಕವಿ ಪೆರಿಯಾಳ್ವಾರರ ಸಾಕುಮಗಳು. ಅಪ್ಪ ಹೂದೋಟ ಮಾಡಿ ದೇವರಿಗೆ ಮಾಲೆ ಕಟ್ಟುತ್ತಿದ್ದರು. ಮಗಳು ಆ ಮಾಲೆಯನ್ನು ಮೊದಲು ತಾನು ಮುಡಿದು, ಚೆನ್ನಾಗಿದೆಯಾ ಅಂತ ನೋಡಿ, ಆಮೇಲೆ ಸ್ವಾಮಿಗೆ ಕಳಿಸುತ್ತಿದ್ದಳು. ಸ್ವಾಮಿಗೆ ಅದೇ ಮಾಲೆ ಬೇಕಾಯಿತು ಅನ್ನುತ್ತದೆ ಕಥೆ. ಅವಳು ತಮಿಳಿನಲ್ಲಿ ಹಾಡಿದ ತಿರುಪ್ಪಾವೈಯಲ್ಲಿ 30 ಪಾಶುರ, ಅಂದರೆ ಭಕ್ತಿಯ ಪದ್ಯ. ಧನುರ್ಮಾಸದಲ್ಲಿ ದಿನಕ್ಕೊಂದು. ತಿರುಮಲೆಯಲ್ಲಿ ಈ ತಿಂಗಳಿಡೀ ಸುಪ್ರಭಾತದ ಬದಲು ತಿರುಪ್ಪಾವೈ. ಶ್ರೀನಿವಾಸ ಎಚ್ಚರವಾಗುವುದು ಅವಳ ದನಿಗೆ. ಹೂ ಕಟ್ಟುವ ಮನೆಯಲ್ಲಿ ಬೆಳೆದ ಹುಡುಗಿಯ ಹಾಡು ಅದು. ದಿನದಿನದ ಕೈಕೆಲಸದ ನಡುವೆ ಇಂಥದ್ದು ಹುಟ್ಟಬಹುದು ಅನ್ನುವುದೇ ನನಗೆ ದೊಡ್ಡ ಧೈರ್ಯ.

"ನಮಗೆಲ್ಲಿ ಪುರುಸೊತ್ತು" ಅಂತ ತುಂಬಾ ಜನ ಕೇಳುತ್ತಾರೆ. ನಿಜ, ಬೆಳಗ್ಗೆ ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು. ಆದರೆ ಈ ವ್ರತ ಬೇರೆ ಹೊತ್ತು ಕೇಳುವುದಿಲ್ಲ. ಹೇಗೂ ಗುಡಿಸಬೇಕಾದ ಬಾಗಿಲನ್ನೇ ದೇವರ ಕೋಣೆ ಮಾಡಿಕೊಡುತ್ತದೆ. ದೊಡ್ಡ ರಂಗೋಲಿಯೇ ಬೇಕು ಅಂತಿಲ್ಲ. ಹೊಸಿಲ ಮೇಲೆ ಎರಡು ಗೆರೆ, ನಡುವೆ ಒಂದು ಪುಟ್ಟ ಕಮಲ. ಸಾಕು.

ಸಂಜೆಯ ಹೊತ್ತಿಗೆ ರಂಗೋಲಿ ಅರ್ಧ ಅಳಿಸಿರುತ್ತದೆ. ಓಡಾಡುವ ಕಾಲು, ಸೈಕಲ್ಲಿನ ಗಾಲಿ. ಅಕ್ಕಿಹಿಟ್ಟಿನದಾದರೆ ಇರುವೆಗಳ ಪಾಲೂ ಸೇರುತ್ತದೆ, ಅದು ಪುಣ್ಯವೇ. ನನಗೆ ಬೇಸರ ಆಗುವುದಿಲ್ಲ. ದೇವರಿಗೆ ಏರಿಸಿದ ಹೂವೂ ಮರುದಿನ ನಿರ್ಮಾಲ್ಯವೇ. ಮತ್ತೆ ಹೊಸದು ಇಡುವ ಅವಕಾಶ ಸಿಗುವುದೇ ಹೀಗೆ.

ಸಂಕ್ರಾಂತಿಗೆ ತಿಂಗಳು ಮುಗಿಯಿತು ಅಂತ ನಿಲ್ಲಿಸಬೇಕಾಗಿಲ್ಲ. ಮುಂದೆ ರಥಸಪ್ತಮಿ ಬರುತ್ತದೆ. ಅಂದು ಬಾಗಿಲಲ್ಲಿ ಸೂರ್ಯನ ರಥ ಬರೆಯಬೇಕು. ಧನುರ್ಮಾಸದಲ್ಲಿ ಕೈ ಪಳಗಿದ್ದರೆ ರಥದ ಗಾಲಿ ಗುಂಡಗೆ ಬರುತ್ತದೆ.