ಮೂರು ಕ್ಯಾಂಪಸ್ಸುಗಳ ಸುತ್ತಾಟ: ಸ್ಟ್ಯಾನ್‌ಫರ್ಡ್, ಬರ್ಕ್‌ಲಿ, ಸಾಂಟಾ ಕ್ರೂಜ್

ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರು ಸಾಮಾನ್ಯವಾಗಿ ಗೋಲ್ಡನ್ ಗೇಟ್ ಸೇತುವೆ ನೋಡಿ ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಅದೇ ಆಸುಪಾಸಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಿಸುವ ಮೂರು ದೊಡ್ಡ ಕ್ಯಾಂಪಸ್ಸುಗಳಿವೆ. ಓಡಾಡಲು ಟಿಕೆಟ್ ಬೇಕಿಲ್ಲ. ಯಾವುದು ಚೆಂದ ಎಂದು ಕೇಳಿದರೆ ನನ್ನ ಉತ್ತರ ಇದು: ಕಣ್ಣಿಗೆ ಸ್ಟ್ಯಾನ್‌ಫರ್ಡ್, ಜೀವಕಳೆಗೆ ಬರ್ಕ್‌ಲಿ. ಆದರೆ ಮತ್ತೆ ಹೋಗಬೇಕು ಅನ್ನಿಸುವುದು ಸಾಂಟಾ ಕ್ರೂಜ್‌ಗೇ.

ಹೊರಡುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳಿ. ವಿದ್ಯಾರ್ಥಿಗಳಿಲ್ಲದ ಕ್ಯಾಂಪಸ್ ಬರೀ ಕಟ್ಟಡ. ಬರ್ಕ್‌ಲಿಯಲ್ಲಿ ಸೆಮಿಸ್ಟರ್ ಪದ್ಧತಿ, ಆಗಸ್ಟ್ ಕೊನೆಗೇ ತರಗತಿ ಶುರು. ಉಳಿದೆರಡರಲ್ಲಿ ವರ್ಷವನ್ನು ಕ್ವಾರ್ಟರುಗಳಾಗಿ ಒಡೆದಿರುವುದರಿಂದ ಸೆಪ್ಟೆಂಬರ್ ಕೊನೆಯವರೆಗೂ ಅಲ್ಲಿ ಪಾಠವಿಲ್ಲ. ಮೂರನ್ನೂ ತುಂಬಿದಾಗಲೇ ನೋಡಬೇಕೆಂದರೆ ಅಕ್ಟೋಬರ್ ಅಥವಾ ಏಪ್ರಿಲ್ ಸರಿ. ಶನಿವಾರ, ಭಾನುವಾರ ಬೇಡ.

ಸ್ಟ್ಯಾನ್‌ಫರ್ಡ್‌ಗೆ ಕ್ಯಾಲ್‌ಟ್ರೇನ್‌ನಲ್ಲಿ ಹೋಗಿ ಪಾಲೊ ಆಲ್ಟೊದಲ್ಲಿ ಇಳಿಯಿರಿ. ಅಲ್ಲಿಂದ ಮಾರ್ಗರೀಟ್ ಎಂಬ ಉಚಿತ ಬಸ್ಸುಗಳಿವೆ, ಹೊರಗಿನವರೂ ಹತ್ತಬಹುದು. ಆದರೆ ಮೊದಲ ಸಲ ಹೋಗುವವರು ನಡೆದೇ ಹೋಗಬೇಕು. ಪಾಮ್ ಡ್ರೈವ್ ಸುಮಾರು ಒಂದು ಮೈಲಿ. ಎರಡೂ ಬದಿ ತಾಳೆಮರಗಳು, ತುದಿಯಲ್ಲಿ ಮರಳುಗಲ್ಲಿನ ಕಮಾನುಗಳು, ಕೆಂಪು ಹೆಂಚಿನ ಸೂರು, ಅದರ ನಡುವೆ ಚರ್ಚಿನ ಮೊಸಾಯಿಕ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಇಲ್ಲಿಗೂ ನಕ್ಷೆ ಹಾಕಿದವರು. ದೂರದಿಂದಲೇ ಇಡೀ ಚಿತ್ರ ಕಣ್ಣಿಗೆ ಬೀಳುವಂತೆ ಮಾಡಿದ್ದಾರೆ. ಸ್ಟ್ಯಾನ್‌ಫರ್ಡ್ ದಂಪತಿಯ ಹದಿನೈದು ವರ್ಷದ ಒಬ್ಬನೇ ಮಗ 1884ರಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದಾಗ ಅವನ ಹೆಸರಿನಲ್ಲಿ ತಂದೆತಾಯಿ ಕಟ್ಟಿಸಿದ್ದು ಇದು. 1891ರಲ್ಲಿ ಬಾಗಿಲು ತೆರೆಯಿತು. ಚರ್ಚಿನ ಗೋಪುರ 1906ರ ಭೂಕಂಪದಲ್ಲಿ ಕುಸಿದ ಮೇಲೆ ಮತ್ತೆ ಕಟ್ಟಲಿಲ್ಲ.

ಇಲ್ಲಿ ತಪ್ಪಿಸಿಕೊಳ್ಳಬಾರದ್ದು ಫ್ರೆಂಚ್ ಶಿಲ್ಪಿ ರೊಡಾನ್‌ನ ಕಂಚಿನ ಶಿಲ್ಪಗಳು. 'ಕ್ಯಾಲೆಯ ನಾಗರಿಕರು' ಪೀಠದ ಮೇಲಿಲ್ಲ, ನಡೆಯುವ ನೆಲದ ಮೇಲೇ ನಿಂತಿದ್ದಾರೆ. ಹತ್ತಿರ ಹೋಗಿ ಮುಖಕ್ಕೆ ಮುಖ ಕೊಟ್ಟು ನೋಡಬಹುದು. ಕ್ಯಾಂಟರ್ ಮ್ಯೂಸಿಯಂ ಪಕ್ಕದ ತೋಟದಲ್ಲಿ 'ನರಕದ ಬಾಗಿಲು' ಇದೆ. ಅದರ ಮೇಲ್ಭಾಗದಲ್ಲಿ ಗಲ್ಲಕ್ಕೆ ಕೈಯೂರಿ ಕೂತ ಪುಟ್ಟ ಚಿಂತಕನನ್ನು ಹುಡುಕಿ. ತೋಟಕ್ಕೂ ಮ್ಯೂಸಿಯಮ್ಮಿಗೂ ಪ್ರವೇಶ ಉಚಿತ. ನಡೆಯುವಾಗ ಸೈಕಲ್ಲುಗಳ ಮೇಲೆ ನಿಗಾ ಇರಲಿ, ತರಗತಿ ಬಿಟ್ಟಾಗ ಹಿಂಡುಹಿಂಡಾಗಿ ಬರುತ್ತವೆ. 8,180 ಎಕರೆ ಅಂತ ಕೇಳಿ ಹೆದರಬೇಕಿಲ್ಲ, ಬಹುಪಾಲು ಖಾಲಿ ಗುಡ್ಡಗಳು. ಅವುಗಳ ಮೇಲೆ 150 ಅಡಿ ವ್ಯಾಸದ ರೇಡಿಯೊ ಟೆಲಿಸ್ಕೋಪಿನ ಸುತ್ತ ನಡೆಯುವ ದಾರಿಯಿದೆ. ನೆರಳು ಕಡಿಮೆ, ಬೇಸಿಗೆಯಲ್ಲಾದರೆ ಬೆಳಗ್ಗೆಯೇ ಮುಗಿಸಿ.

ಬರ್ಕ್‌ಲಿಗೆ ಬಾರ್ಟ್ ರೈಲಿದೆ, ಡೌನ್‌ಟೌನ್ ಬರ್ಕ್‌ಲಿಯಲ್ಲಿ ಇಳಿದರೆ ಕ್ಯಾಂಪಸ್ ಎದುರಿಗೇ. ಅಲ್ಲಿಂದ ಪೂರ್ವಕ್ಕೆ ಪೂರ್ತಿ ಏರು. ಮಂಡಿನೋವಿನವರು ಸಿಟಿ ಬಸ್ಸಿನಲ್ಲಿ ಮೇಲಕ್ಕೆ ಹೋಗಿ ಇಳಿಯುತ್ತಾ ಬನ್ನಿ. ನಡೆಯಬಲ್ಲವರಿಗೆ ಸ್ಟ್ರಾಬೆರಿ ಕ್ರೀಕ್ ಎಂಬ ತೊರೆ ಹಿಡಿದು, ಮುಗಿಲೆತ್ತರದ ನೀಲಗಿರಿ ಮರಗಳ ತೋಪು ದಾಟಿ ಹೋಗುವ ದಾರಿಯೇ ಸೊಗಸು. 307 ಅಡಿಯ ಸ್ಯಾದರ್ ಗೋಪುರದಲ್ಲಿ 61 ಗಂಟೆಗಳಿವೆ, ತರಗತಿಗಳಿರುವ ದಿನ ಮಧ್ಯಾಹ್ನ 12ಕ್ಕೆ ಬಾರಿಸುತ್ತಾರೆ. ಗೋಪುರದ ಬುಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ, ಮಂಜು ಇಲ್ಲದ ದಿನ, ಕೊಲ್ಲಿಯಾಚೆ ಗೋಲ್ಡನ್ ಗೇಟ್ ನೇರವಾಗಿ ಕಾಣುತ್ತದೆ.

ಬರ್ಕ್‌ಲಿಯ ಕಟ್ಟಡಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಒಗ್ಗಟ್ಟಿಲ್ಲ. ಒಂದೊಂದು ಕಾಲದ್ದು ಒಂದೊಂದು ದಿಕ್ಕಿಗೆ ನಿಂತಿವೆ. ಆದರೆ ಸ್ಪ್ರೌಲ್ ಚೌಕದಲ್ಲಿ ಅರ್ಧ ತಾಸು ಕೂತರೆ ಅದು ಮರೆತೇಹೋಗುತ್ತದೆ. ಇಲ್ಲಿ ತರಗತಿ ಶುರುವಾಗುವುದು ನಿಗದಿತ ಗಂಟೆ ಕಳೆದು ಹತ್ತು ನಿಮಿಷಕ್ಕೆ. ಆ ಹತ್ತು ನಿಮಿಷ ಚೌಕದ ತುಂಬ ಕರಪತ್ರ, ಭಾಷಣ, ವಾದ, ನಗು. 1964ರಲ್ಲಿ ವಿದ್ಯಾರ್ಥಿಗಳ ವಾಕ್ ಸ್ವಾತಂತ್ರ್ಯ ಚಳವಳಿ ನಡೆದ ಮೆಟ್ಟಿಲುಗಳು ಇರುವುದೂ ಇಲ್ಲೇ. ಹತ್ತಿರದ ನೆಲದಲ್ಲಿ ಗ್ರಾನೈಟ್ ಬಳೆಯೊಂದಿದೆ, ನಡುವೆ ಅಂಗೈಯಗಲದ ಮಣ್ಣು. ಈ ಮಣ್ಣಾಗಲಿ ಇದರ ಮೇಲಿನ ಆಕಾಶವಾಗಲಿ ಯಾವ ದೇಶಕ್ಕೂ ಸೇರಿದ್ದಲ್ಲ ಎಂದು ಕಲ್ಲಿನ ಮೇಲೆ ಕೆತ್ತಿದ್ದಾರೆ. ಬಗ್ಗಿ ಓದದಿದ್ದರೆ ತುಳಿದುಕೊಂಡೇ ಹೋಗುತ್ತೀರಿ. ನಾನು ನೋಡಿದ ಯಾವ ಕ್ಯಾಂಪಸ್ಸಿನ ಎತ್ತರದ ಸ್ಮಾರಕವೂ ನನ್ನನ್ನು ಇಷ್ಟು ಹೊತ್ತು ನಿಲ್ಲಿಸಿಲ್ಲ.

ಸಾಂಟಾ ಕ್ರೂಜ್ ಬೇರೆಯೇ ಲೋಕ. 1965ರಲ್ಲಿ ಶುರುವಾದ ಈ ಕ್ಯಾಂಪಸ್ಸಿಗೆ ಸುಮಾರು 2,000 ಎಕರೆ ಇದ್ದರೂ ಮುಖ್ಯದ್ವಾರದಲ್ಲಿ ನಿಂತರೆ ಕಟ್ಟಡವೇ ಕಾಣದು. ಕೆಳಗಿನ ದೊಡ್ಡ ಹುಲ್ಲುಗಾವಲನ್ನು ಹಾಗೇ ಬಿಟ್ಟು, ಕಟ್ಟಡಗಳನ್ನು ಮೇಲೆ ರೆಡ್‌ವುಡ್ ಕಾಡಿನ ಅಂಚಿನಲ್ಲಿ ಸೇರಿಸಿದ್ದಾರೆ. ಬಯಲಲ್ಲಿ ಕಟ್ಟುವುದು ಸುಲಭವಿತ್ತು. ಕಟ್ಟದೆ ಬಿಟ್ಟ ಆ ನಿರ್ಧಾರಕ್ಕೇ ನಾನು ಈ ಕ್ಯಾಂಪಸ್ಸನ್ನು ಮೇಲಿಡುವುದು. ಬಸ್ಸಿನಲ್ಲಿ ಮೇಲಿನ ತುದಿಗೆ ಹೋಗಿ, ಕೊರಕಲುಗಳ ಮೇಲಿನ ಕಾಲುಸೇತುವೆಗಳನ್ನು ದಾಟುತ್ತಾ ಮೆಕ್‌ಹೆನ್ರಿ ಲೈಬ್ರರಿಯತ್ತ ಇಳಿಯಿರಿ. ಹಿಂದೆ ಸುಣ್ಣದ ಭಟ್ಟಿಗಳ ಸೌದೆಗಾಗಿ ಇಲ್ಲಿನ ಹಳೆಯ ಮರಗಳನ್ನು ಕಡಿದಿದ್ದರು. ಈಗಿರುವುದು ಮತ್ತೆ ಚಿಗುರಿದ ಕಾಡು. ದಾರಿಬದಿಯಲ್ಲಿ ದೊಡ್ಡ ಮೋಟು ಕಂಡರೆ ನಿಂತು ನೋಡಿ: ಅದರ ಬುಡದಿಂದಲೇ ಎದ್ದ ಮರಗಳು ಸುತ್ತ ವೃತ್ತವಾಗಿ ನಿಂತಿರುತ್ತವೆ. ಮಳೆಗಾಲದಲ್ಲಿ ಹಳದಿ ಬನಾನಾ ಸ್ಲಗ್ ಹುಳು ಕಾಲಡಿ ಸಿಗಬಹುದು, ಮೆಟ್ಟದಂತೆ ನೋಡಿಕೊಳ್ಳಿ. ವಿಶ್ವವಿದ್ಯಾಲಯದ ಲಾಂಛನಪ್ರಾಣಿ ಅದೇ. ನೆಲ ಒದ್ದೆಯಿರುತ್ತದೆ, ಹಿಡಿತವಿರುವ ಶೂ ಬೇಕು. ಮರಗಳಡಿ ಬೇಗ ಕತ್ತಲಾಗುವುದರಿಂದ ಮಾಂಟೆರೆ ಕೊಲ್ಲಿ ಕಾಣುವ ಹುಲ್ಲುಗಾವಲಿನ ಕಡೆಗೆ ಸಂಜೆಯೊಳಗೆ ಬಂದುಬಿಡಿ.

ಮಕ್ಕಳನ್ನು ಓದಿಸಲು ಜಾಗ ನೋಡುವವರು ವಿದ್ಯಾರ್ಥಿಗಳೇ ನಡೆಸುವ ಪ್ರವಾಸಕ್ಕೆ ಮುಂಚೆಯೇ ಹೆಸರು ನೋಂದಾಯಿಸಿ. ಅದು ಮುಗಿದ ಮೇಲೆ ಮಕ್ಕಳನ್ನು ಒಂದೆರಡು ತಾಸು ಅವರಷ್ಟಕ್ಕೆ ತಿರುಗಾಡಲು ಬಿಡಿ.

ಬರ್ಕ್‌ಲಿಗೆ ಒಂದು ಪೂರ್ತಿ ದಿನ ಬೇಕು. ಇನ್ನೊಂದು ದಿನ ಬೆಳಗ್ಗೆ ಸ್ಟ್ಯಾನ್‌ಫರ್ಡ್ ಮುಗಿಸಿ, ಅದೇ ಕ್ಯಾಲ್‌ಟ್ರೇನ್‌ನಲ್ಲಿ ಸ್ಯಾನ್ ಹೊಸೆಯ ಡಿರಿಡಾನ್ ನಿಲ್ದಾಣಕ್ಕೆ ಹೋದರೆ ಬೆಟ್ಟ ದಾಟಿಸುವ ಹೈವೇ 17 ಬಸ್ ಸಿಗುತ್ತದೆ. ರಾತ್ರಿ ಸಾಂಟಾ ಕ್ರೂಜ್‌ನಲ್ಲೇ ಉಳಿದು, ಮರುದಿನ ಬೆಳಗ್ಗೆಯೇ ಕ್ಯಾಂಪಸ್ ಹತ್ತಿ.