ಕನ್ನಡಕದ ಅರ್ಧ ಬೆಲೆಗಾಗಿ ಮಂತ್ರಿ ಪದವಿಯನ್ನು ಬಿಡುವುದೇ?

ಊರಿನಿಂದ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬರುವ ನೆಂಟರನ್ನು ಕ್ವೀನ್ ಸ್ಟ್ರೀಟಿಗೆ ಕರೆದೊಯ್ದಾಗಲೆಲ್ಲ ಅಲ್ಲಿನ ಕಂಚಿನ ಪ್ರತಿಮೆ ಯಾರದೆಂದು ವಿಚಾರಿಸುತ್ತಾರೆ. ಅದು ಅನೈರಿನ್ ಬೆವನ್ ಅವರದು. ಇಲ್ಲಿನ ಜನರ ಬಾಯಲ್ಲಿ ಬರಿಯ ‘ನೈ’. 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದ ಮಂತ್ರಿ ಇವರೇ, ಕನ್ನಡಕಕ್ಕೂ ಕಟ್ಟಿಸಿಕೊಳ್ಳುವ ಹಲ್ಲಿಗೂ ಸರ್ಕಾರ ಅರ್ಧ ಬೆಲೆ ಕೇಳಹೊರಟಾಗ 1951ರಲ್ಲಿ ರಾಜೀನಾಮೆ ಕೊಟ್ಟವರೂ ಇವರೇ ಎಂದೊಡನೆ, ‘ಅಷ್ಟಕ್ಕೇ ಮಂತ್ರಿಗಿರಿ ಬಿಟ್ಟರೇ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ.

ಉತ್ತರವನ್ನು ನಾನು ಟ್ರೆಡೀಗರ್‌ನಿಂದ ಆರಂಭಿಸುತ್ತೇನೆ. ಬೆವನ್ 1897ರಲ್ಲಿ ಹುಟ್ಟಿದ್ದು ದಕ್ಷಿಣ ವೇಲ್ಸ್‌ನ ಆ ಕಲ್ಲಿದ್ದಲಿನ ಊರಿನಲ್ಲಿ. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದ ಈ ಉಗ್ಗುವ ಹುಡುಗ, ಕಷ್ಟದ ಪದ ಎದುರಾದಾಗ ಅದಕ್ಕೆ ಬದಲಾಗಿ ಇನ್ನೊಂದನ್ನು ಹುಡುಕುತ್ತ ಹುಡುಕುತ್ತ ಸಂಸತ್ತಿನ ಅತ್ಯುತ್ತಮ ವಾಗ್ಮಿಗಳಲ್ಲಿ ಒಬ್ಬರಾದರು. ಗಣಿಗತ್ತಲಲ್ಲಿ ದುಡಿಯುವವರಿಗೆ ಬರುವ, ಕಣ್ಣುಗುಡ್ಡೆ ಅದುರುವ ರೋಗ ಅವರಿಗೂ ತಗುಲಿತ್ತು. ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟು ತಂದೆ 1925ರಲ್ಲಿ ತೀರಿಕೊಂಡಾಗ ಪರಿಹಾರವೆಂದು ಒಂದು ಕಾಸೂ ಸಿಗಲಿಲ್ಲ, ಏಕೆಂದರೆ ಆ ಕಾಯಿಲೆಯನ್ನು ಕಾನೂನು ಆಗಿನ್ನೂ ಗಣಿ ಕೆಲಸದ ಫಲವೆಂದು ಒಪ್ಪಿರಲಿಲ್ಲ.

ಅದೇ ಊರಿನಲ್ಲಿ ಕೂಲಿಯಿಂದ ವಾರವಾರ ಕೆಲವು ಪೆನ್ನಿಗಳನ್ನು ಹಿಡಿದು ವೈದ್ಯರನ್ನೂ ದಾದಿಯರನ್ನೂ ಆಸ್ಪತ್ರೆಯನ್ನೂ ಸಾಕುತ್ತಿದ್ದ ಕಾರ್ಮಿಕರ ವೈದ್ಯಕೀಯ ಸಂಘವೊಂದಿತ್ತು. ಕಾಯಿಲೆ ಬಿದ್ದವನ ಕೈಯಿಂದ ಆ ಹೊತ್ತಿಗೆ ಹಣ ಕೇಳುವಂತಿರಲಿಲ್ಲ. 1929ರಿಂದ ಸಾಯುವವರೆಗೂ ಎಬ್ಬೂ ವೇಲ್ ಕ್ಷೇತ್ರದ ಸಂಸದರಾಗಿದ್ದ ಬೆವನ್, 1945ರಲ್ಲಿ ಪ್ರಧಾನಿ ಆಟ್ಲಿಯವರ ಲೇಬರ್ ಪಕ್ಷದ ಸರ್ಕಾರದಲ್ಲಿ ಆರೋಗ್ಯ ಮಂತ್ರಿಯಾದಾಗ ಇಡೀ ದೇಶವನ್ನೇ ಟ್ರೆಡೀಗರ್ ಮಾಡಲು ಹೊರಟರು ಎಂದರೆ ಅತಿಶಯವಲ್ಲ.

ಹಾಗೆಂದು ಅವರು ಎಲ್ಲಿಯೂ ಬಗ್ಗದ ಮನುಷ್ಯರಲ್ಲ. ವೈದ್ಯರ ಸಂಘ ತಿಂಗಳುಗಟ್ಟಲೆ ಅಡ್ಡ ನಿಂತಾಗ, ಸರ್ಕಾರಿ ಆಸ್ಪತ್ರೆಯ ತಜ್ಞರು ಖಾಸಗಿ ರೋಗಿಗಳನ್ನೂ ನೋಡಬಹುದೆಂದು ಒಪ್ಪಿಕೊಂಡೇ ಅವರನ್ನು ಒಲಿಸಿಕೊಂಡರು. ನೆಂಟರಿಗೆ ನಾನು ಹೇಳದೆ ಬಿಡಬಹುದಾದ, ಆದರೆ ಬಿಡದ ಇನ್ನೊಂದು ಸಂಗತಿಯಿದೆ: ಔಷಧ ಚೀಟಿಗೆ ಒಂದು ಶಿಲ್ಲಿಂಗ್ ವಿಧಿಸುವ ಅಧಿಕಾರವನ್ನು ಕಾನೂನಿನಲ್ಲಿ ಸೇರಿಸಲು 1949ರಲ್ಲಿ ಅವರೇ ಒಪ್ಪಿದ್ದರು. ಆ ಶುಲ್ಕ ಅವರ ಕಾಲದಲ್ಲಿ ಜಾರಿಯಾಗಲಿಲ್ಲ, ಅಷ್ಟೇ.

1951ರ ಏಪ್ರಿಲ್‌ನಲ್ಲಿ, ಬೆವನ್ ಕಾರ್ಮಿಕ ಮಂತ್ರಿಯಾಗಿದ್ದಾಗ, ಹಣಕಾಸು ಮಂತ್ರಿ ಹ್ಯೂ ಗೇಟ್ಸ್‌ಕೆಲ್ ಕೊರಿಯಾ ಯುದ್ಧದ ಹೊತ್ತಿನ ಶಸ್ತ್ರಾಸ್ತ್ರ ವೆಚ್ಚಕ್ಕೆ ದಾರಿ ಹುಡುಕುತ್ತ ಕನ್ನಡಕ ಮತ್ತು ಹಲ್ಲಿನ ಮೇಲಿನ ಶುಲ್ಕವನ್ನು ಮುಂದಿಟ್ಟರು. ಮೊದಲ ವರ್ಷ ಅದರಿಂದ ಉಳಿಯುತ್ತಿದ್ದುದು ಸುಮಾರು 1.3 ಕೋಟಿ ಪೌಂಡ್; ಸೇವೆಯ ವಾರ್ಷಿಕ ವೆಚ್ಚವೋ ಸುಮಾರು 40 ಕೋಟಿ. ಶಸ್ತ್ರಾಸ್ತ್ರಕ್ಕೆ ಅಂದುಕೊಂಡಷ್ಟು ಹಣವನ್ನು ಖರ್ಚು ಮಾಡುವುದೇ ಸಾಧ್ಯವಿಲ್ಲವೆಂದು ಬೆವನ್ ವಾದಿಸಿದ್ದರು. ಮುಂದೆ ಅಧಿಕಾರಕ್ಕೆ ಬಂದ ಚರ್ಚಿಲ್ ಸರ್ಕಾರವೇ ಆ ಯೋಜನೆಯನ್ನು ಮೊಟಕುಗೊಳಿಸಿದ್ದರಿಂದ, ಲೆಕ್ಕದ ಮಟ್ಟಿಗೆ ಅವರ ಮಾತು ನಿಜವಾಯಿತು. ತಾವು ಬಯಸಿದ್ದ ಹುದ್ದೆ ಗೇಟ್ಸ್‌ಕೆಲ್ ಪಾಲಾದ ಕಹಿಯೂ ಅವರಲ್ಲಿತ್ತು. ಅದನ್ನು ಮುಚ್ಚಿಟ್ಟು ರಾಜೀನಾಮೆಯನ್ನು ಶುದ್ಧ ತ್ಯಾಗವೆಂದು ಹೊಗಳುವವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಆದರೂ ಕಹಿಯೊಂದೇ ಕಾರಣವೆಂದರೆ ಟ್ರೆಡೀಗರ್ ಅನ್ನು ಮರೆತಂತೆ. ರೋಗಿಯ ಮುಂದೆ ಒಮ್ಮೆ ಕೈಚಾಚಿದ ಸರ್ಕಾರ ಮತ್ತೆ ಮತ್ತೆ ಚಾಚುತ್ತದೆ ಎಂಬುದು ಅವರ ಭಯವಾಗಿತ್ತು, ಮತ್ತು 1952ರಲ್ಲಿ ಔಷಧ ಚೀಟಿಗೂ ಶಿಲ್ಲಿಂಗ್ ಬಂದೇ ಬಂದಿತು.

ರಾಜೀನಾಮೆಯಿಂದ ಪಕ್ಷ ಒಡೆದುಕೊಂಡಿತು. 1955ರಲ್ಲಿ ನಾಯಕತ್ವವೂ ಗೇಟ್ಸ್‌ಕೆಲ್‌ಗೇ ಹೋಯಿತು; ಬೆವನ್ 1960ರ ಜುಲೈನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ವೇಲ್ಸ್ 2007ರ ಏಪ್ರಿಲ್ 1ರಂದು ಔಷಧ ಚೀಟಿಯ ಶುಲ್ಕವನ್ನು ಪೂರ್ತಿ ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ ಅದು ಇನ್ನೂ ಇದೆ. ಕನ್ನಡಕಕ್ಕೆ ಮಾತ್ರ ಇಲ್ಲಿಯೂ ನನ್ನಂಥವರು ಕೈಯಿಂದಲೇ ಹಣ ಕೊಡುತ್ತೇವೆ.