ಗೋಲು ಕಮ್ಮಿಯಾದಷ್ಟೂ ಬೆಲೆ ಹೆಚ್ಚಿದ ಅಲೆಕ್ಸ್ ಜೇಮ್ಸ್

ಇಂಗ್ಲೆಂಡಿನ ಪ್ರೆಸ್ಟನ್ ಕ್ಲಬ್‌ನಲ್ಲಿ ನಾಲ್ಕು ಸೀಸನ್, 147 ಲೀಗ್ ಪಂದ್ಯ, ಐವತ್ತಕ್ಕೂ ಹೆಚ್ಚು ಗೋಲು. ಲಂಡನ್ನಿನ ಆರ್ಸೆನಲ್‌ನಲ್ಲಿ ಎಂಟು ಸೀಸನ್, 231 ಲೀಗ್ ಪಂದ್ಯ, ಬರೀ 26 ಗೋಲು. ಅಂಕಿ ಮಾತ್ರ ನೋಡಿದವರಿಗೆ ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಅಲೆಕ್ಸ್ ಜೇಮ್ಸ್ ಲಂಡನ್ನಿಗೆ ಬಂದು ಮಂಕಾದ ಅನಿಸೀತು. ಆದರೆ ಅದುವರೆಗೆ ದೊಡ್ಡ ಟ್ರೋಫಿಯನ್ನೇ ಕಾಣದಿದ್ದ ಆರ್ಸೆನಲ್, ಅವನಿದ್ದ ಎಂಟು ವರ್ಷದಲ್ಲಿ ನಾಲ್ಕು ಸಲ ಲೀಗ್, ಎರಡು ಸಲ ಎಫ್‌ಎ ಕಪ್ ಗೆದ್ದಿತು.

ಇದರ ಬೇರು 1925ರ ಆಫ್‌ಸೈಡ್ ನಿಯಮದಲ್ಲಿದೆ. ಅದಕ್ಕೂ ಮುಂಚೆ, ಚೆಂಡು ಪಾಸ್ ಆಗುವ ಕ್ಷಣದಲ್ಲಿ ದಾಳಿಕೋರನಿಗೂ ಗೋಲ್‌ಲೈನಿಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು. ರಕ್ಷಣೆಗೆ ನಿಂತ ಇಬ್ಬರು ಬ್ಯಾಕ್‌ಗಳಲ್ಲಿ ಒಬ್ಬ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ದಾಳಿಕೋರ ಆಫ್‌ಸೈಡ್‌ನಲ್ಲಿ ಸಿಕ್ಕಿಬಿದ್ದ. ಆ ಮೂವರನ್ನು ಇಬ್ಬರಿಗೆ ಇಳಿಸಿದ್ದೇ ತಡ, ಈ ಉಪಾಯ ಕೈಕೊಟ್ಟಿತು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಗೋಲುಗಳು 1,192ರಿಂದ ಒಂದೇ ಸೀಸನ್‌ನಲ್ಲಿ 1,703ಕ್ಕೆ ಹಾರಿದವು.

ಆ ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್ ಕೈಲಿ 7-0 ಸೋತ ಆರ್ಸೆನಲ್, ತನ್ನ ಆಟಗಾರ ಚಾರ್ಲಿ ಬುಕನ್‌ನ ಒತ್ತಾಯದಿಂದ, ನಡುಮೈದಾನದಲ್ಲಿ ಆಡುತ್ತಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿತು. ಗೋಲಿಗೆ ಕಾವಲೇನೋ ಸಿಕ್ಕಿತು, ನಡುಮೈದಾನ ಬರಿದಾಯಿತು. ಚೆಂಡು ಕಸಿದುಕೊಂಡರೂ ಅದನ್ನು ಮುಂದಿನವರಿಗೆ ತಲುಪಿಸಲು ಆಳಿಲ್ಲ! ಮೊದಲು ಆ ಜಾಗಕ್ಕೆ ಬಂದವನು ಆ್ಯಂಡಿ ನೀಲ್, ಅವನೂ ಸ್ಕಾಟ್. ಓಟ ನಿಧಾನ, ಚೆಂಡಿನ ಮೇಲೆ ಹಿಡಿತ ಪಕ್ಕಾ. ಕೆಲಸಕ್ಕೆ ತಕ್ಕ ದೊಡ್ಡ ಆಟಗಾರ ಜೇಮ್ಸ್ ಸಿಕ್ಕಿದ್ದು 1929ರ ಜೂನ್‌ನಲ್ಲಿ, 8,750 ಪೌಂಡಿಗೆ.

ಸಂಬಳದ ಮಾತು ಇಲ್ಲೇ ಹೇಳಬೇಕು. ಸೀಸನ್‌ನಲ್ಲಿ ವಾರಕ್ಕೆ 8 ಪೌಂಡ್, ಬೇಸಿಗೆಯಲ್ಲಿ 6. ಇದಕ್ಕಿಂತ ಹೆಚ್ಚು ಯಾವ ಕ್ಲಬ್ಬೂ ಕೊಡುವಂತಿರಲಿಲ್ಲ. ಹಾಗಾಗಿ ಜೇಮ್ಸ್‌ಗೆ ಲಂಡನ್ನಿನ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಕ್ರೀಡಾ ಸಾಮಾನು ತೋರಿಸುವ ಕೆಲಸ, ವರ್ಷಕ್ಕೆ 250 ಪೌಂಡ್. ನಿಯಮವೂ ಮುರಿಯಲಿಲ್ಲ, ಜೇಬೂ ತುಂಬಿತು.

ಬಂದ ಹೊಸದರಲ್ಲಿ ಜೇಮ್ಸ್ ಒದ್ದಾಡಿದ. ಸಹಜವೇ. 1928ರ ಮಾರ್ಚ್ 31ರಂದು ವೆಂಬ್ಲಿಯ ಒದ್ದೆ ಹುಲ್ಲಿನ ಮೇಲೆ ಸ್ಕಾಟ್ಲೆಂಡ್ 5-1ರಿಂದ ಇಂಗ್ಲೆಂಡನ್ನು ಸೋಲಿಸಿದಾಗ ಎರಡು ಗೋಲು ಹೊಡೆದವನು ಅವನು. ಅಂಥವನಿಗೆ ಈಗ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಒಪ್ಪಿಸಿದ್ದು ಬೇರೆಯೇ ಕೆಲಸ: ದಾಳಿಸಾಲಿನ ಎಡ-ನಡುವಿನ (ಇನ್‌ಸೈಡ್ ಲೆಫ್ಟ್) ಜಾಗದಿಂದ ಹಿಂದೆ ಸರಿದು ಚೆಂಡು ತಗೋ, ಎದುರಾಳಿಯನ್ನು ನಿನ್ನತ್ತ ಸೆಳೆ, ಅವನು ಬಿಟ್ಟುಬಂದ ಜಾಗಕ್ಕೆ ಉದ್ದ ಪಾಸ್ ಕೊಡು. ಎಡಕ್ಕೆ ಕ್ಲಿಫ್ ಬಾಸ್ಟಿನ್, ಬಲಕ್ಕೆ ಜೋ ಹ್ಯೂಮ್. ಈ ವಿಂಗರ್‌ಗಳು ಗೆರೆಗೆ ಅಂಟಿಕೊಳ್ಳದೆ ಗೋಲಿನತ್ತ ಒಳಕ್ಕೆ ನುಗ್ಗುತ್ತಿದ್ದರು. 1932-33ರ ಲೀಗ್‌ನಲ್ಲಿ ಬಾಸ್ಟಿನ್ 33, ಹ್ಯೂಮ್ 20 ಗೋಲು ಹೊಡೆದರು. ಜೇಮ್ಸ್‌ನ ಲೆಕ್ಕ ಬರೆಯಬೇಕಾದದ್ದು ಈ ಕಾಲಂನಲ್ಲಿ.

ಮೊಣಕಾಲು ಮುಚ್ಚುವ ಅವನ ದೊಗಲೆ ಚಡ್ಡಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಸಂಧಿವಾತಕ್ಕೆ ಬೆಚ್ಚಗಿರಲಿ ಅಂತ ಹಾಕುತ್ತಿದ್ದ ಎನ್ನುವುದುಂಟು. ನನಗೆ ಚಡ್ಡಿಗಿಂತ ಅವನ ಅವಸರವೇ ದೊಡ್ಡದಾಗಿ ಕಾಣುತ್ತದೆ. 1930ರ ಕಪ್ ಫೈನಲ್‌ನ ಮೊದಲ ಗೋಲು ನೋಡಿ. ಹಡರ್ಸ್‌ಫೀಲ್ಡ್ ಆಟಗಾರ ಫೌಲ್ ಮಾಡಿದ, ಜೇಮ್ಸ್ ಕೆಳಗೆ ಬಿದ್ದ. ಎದ್ದವನೇ, ಎದುರಾಳಿಗಳು ಜಾಗ ಹಿಡಿಯುವ ಮೊದಲೇ ಫ್ರೀ ಕಿಕ್ಕನ್ನು ಎಡಕ್ಕೆ ಬಾಸ್ಟಿನ್‌ಗೆ ತಳ್ಳಿದ. ರೆಫರಿ ಟಾಮ್ ಕ್ರೂ ತಡೆಯಲಿಲ್ಲ. ಬಾಸ್ಟಿನ್ ಡಿಫೆಂಡರನ್ನು ಸೆಳೆದು ಚೆಂಡು ಹಿಂದಿರುಗಿಸಿದ, ಅಷ್ಟರಲ್ಲಿ ಓಡಿಬಂದಿದ್ದ ಜೇಮ್ಸ್ ಒದ್ದ. ಕೊನೆಗೆ 2-0. ಎರಡನೆಯದು ಜೊತೆಗಾರ ಲ್ಯಾಂಬರ್ಟ್‌ನದು, ಉದ್ದ ಪಾಸ್ ಜೇಮ್ಸ್‌ನದು.

1932ರ ಫೈನಲ್‌ಗೆ ಅವನು ಗಾಯಾಳು. ಆರ್ಸೆನಲ್ ನ್ಯೂಕ್ಯಾಸಲ್‌ಗೆ 2-1 ಸೋತಿತು. 1936ರಲ್ಲಿ ಅವನೇ ನಾಯಕ, ಶೆಫೀಲ್ಡ್ ಯುನೈಟೆಡ್ ವಿರುದ್ಧ 1-0 ಗೆಲುವು. ಮರುವರ್ಷ ಬೂಟು ಕಳಚಿಟ್ಟ. ಇಷ್ಟೆಲ್ಲ ಆಡಿದವನು ಸ್ಕಾಟ್ಲೆಂಡ್ ಪರ ಆಡಿದ್ದು ಎಂಟೇ ಪಂದ್ಯ.